ಪಾದತಾಡಿತಕದ ವಿಟಸಭೆ

ಸಂಸ್ಕೃತದ ದಶರೂಪಕಗಳಲ್ಲಿ ಭಾಣವೆಂಬುದು ಒಂದೇ ಅಂಕದ, ಒಬ್ಬನೇ ನಟನ ಪ್ರಬಂಧವು. ಆ ಪಾತ್ರವು ಪ್ರಾಯಶಃ ವಿಟನದು; ಎಂದರೆ, ಸಿರಿಯನ್ನು ಭೋಗದಲ್ಲಿ ಕಳೆದು, ಕಲೆಗಳ ಪರಿಚಯವನ್ನೂ ನಾಲಗೆಯ ಚಾತುರ್ಯವನ್ನೂ ಮಾತ್ರ ಉಳಿಸಿಕೊಂಡ ನಾಗರಿಕನದು. ಅವನು ವೇಶ್ಯಾವಾಟಿಕೆಯಲ್ಲಿ ಅಡ್ಡಾಡುತ್ತ, ಇಲ್ಲದ ಜನರನ್ನು ಕಂಡಂತೆ ನಟಿಸಿ, ‘ಏನೆನ್ನುವೆ?’ ಎಂದು ಕೇಳಿ, ಅವರ ಉತ್ತರವನ್ನೂ ತಾನೇ ನುಡಿಯುವನು. ಇದಕ್ಕೆ ಆಕಾಶಭಾಷಿತವೆಂದು ಹೆಸರು.

ಈ ಕಟ್ಟಳೆಯು ಬರಿಯ ಚಮತ್ಕಾರವಲ್ಲ. ಚುಂಬನಾಲಿಂಗನಾದಿಗಳನ್ನು ರಂಗದಲ್ಲಿ ತೋರಿಸಕೂಡದೆಂದು ಭರತನು ವಿಧಿಸಿರುವನು. ತಂದೆಯೂ ಮಗನೂ, ಅತ್ತೆಯೂ ಸೊಸೆಯೂ ಕೂಡಿ ನೋಡತಕ್ಕ ಪ್ರಯೋಗವಿದೆಂಬುದೇ ಆತನು ಕೊಡುವ ಕಾರಣ. ಭಾಣದ ವಿಷಯವಾದರೋ ಆದ್ಯಂತ ಶೃಂಗಾರವೇ. ಆದುದರಿಂದ ಕಣ್ಣಿಗೆ ನಿಷಿದ್ಧವಾದುದು ಇಲ್ಲಿ ಕಿವಿಯ ದಾರಿಯಿಂದ ಬಂದಿತು. ವೀರಶೃಂಗಾರಗಳು ಭಾಣದಲ್ಲಿ ಸೂಚಿತವಾಗಬೇಕೆಂದು 10ನೆಯ ಶತಮಾನದ ಧನಂಜಯನು ದಶರೂಪಕದಲ್ಲಿ ಹೇಳಿರುವುದೂ ಇದಕ್ಕೆ ಹೊಂದುತ್ತದೆ.

ಬಹುಕಾಲ ಮರೆಯಾಗಿದ್ದ ನಾಲ್ಕು ಪ್ರಾಚೀನ ಭಾಣಗಳನ್ನು ಎಂ. ರಾಮಕೃಷ್ಣ ಕವಿಗಳೂ ಎಸ್. ಕೆ. ರಾಮನಾಥ ಶಾಸ್ತ್ರಿಗಳೂ 1922ರಲ್ಲಿ ಚತುರ್ಭಾಣಿಯೆಂಬ ಹೆಸರಿನಿಂದ ಅಚ್ಚು ಹಾಕಿಸಿದರು. ಶೂದ್ರಕನದೆಂದು ಹೇಳುವ ಪದ್ಮಪ್ರಾಭೃತಕ, ಈಶ್ವರದತ್ತನ ಧೂರ್ತವಿಟಸಂವಾದ, ವರರುಚಿಯ ಹೆಸರಿನ ಉಭಯಾಭಿಸಾರಿಕಾ, ಶ್ಯಾಮಿಲಕನ ಪಾದತಾಡಿತಕ ಇವೇ ಆ ನಾಲ್ಕು. ಇವುಗಳ ನಗೆಯು ಯಾರನ್ನೂ ಬಿಡದು. ಪದ್ಮಪ್ರಾಭೃತಕದಲ್ಲಿ ವಿಟನ ಕಣ್ಣಿಗೆ ಬೀಳುವವರಲ್ಲಿ ಬೌದ್ಧಭಿಕ್ಷುವೂ ಒಬ್ಬನು.

ಇವುಗಳಲ್ಲಿ ಪಾದತಾಡಿತಕವೇ ಮೇಲಾದುದು. ಸೌರಾಷ್ಟ್ರದ ವಾರಮುಖ್ಯೆ ಮದನಸೇನಿಕೆಯು ಪ್ರಣಯದ ಭರದಲ್ಲಿ ವಿಷ್ಣುನಾಗನೆಂಬ ಬ್ರಾಹ್ಮಣನ ತಲೆಯನ್ನು ಕಾಲಿನಿಂದ ತಾಡಿಸಿದಳು. ರಸಿಕನಾಗಿದ್ದರೆ ಅದನ್ನು ಪ್ರಸಾದವೆಂದು ಭಾವಿಸುತ್ತಿದ್ದನು. ಈತನಾದರೋ ಶಿರಸ್ಸು ಮೈಲಿಗೆಯಾಯಿತೆಂದು ಗೋಳಾಡಿ, ವೈದಿಕರ ಬಳಿಗೆ ಪ್ರಾಯಶ್ಚಿತ್ತ ಕೇಳಲು ಹೋದನು. ಅವರು ನಕ್ಕು, ಇದು ವಿಟರ ಸಭೆಗೆ ಸೇರಿದ ವ್ಯವಹಾರವೆಂದು ಕಳುಹಿಸಿಬಿಟ್ಟರು. ವಿಟಪ್ರಧಾನನಾದ ಭಟ್ಟಿಜೀಮೂತನ ಮನೆಯಲ್ಲಿ ಸಭೆ ಕೂಡಿತು. ಧರ್ಮಾಧಿಕರಣದ ಗಾಂಭೀರ್ಯವೆಲ್ಲ ಅಲ್ಲಿಯೂ ಇದ್ದಿತು! ಇಂತಹ ಪಶುವಿನ ತಲೆಗೆ ಪಾದವಿಟ್ಟ ಅವಳಿಗೇ ಪ್ರಾಯಶ್ಚಿತ್ತವು ತಕ್ಕುದೆಂಬ ವಾದವೂ ಬಂದಿತು. ಕಡೆಗೆ ಪ್ರಧಾನನ ತೀರ್ಪು: ವಿಷ್ಣುನಾಗನು ನೋಡುತ್ತಿರಲು, ಮದನಸೇನಿಕೆಯು ತನ್ನ ಪಾದವನ್ನು ಪ್ರಧಾನನ ತಲೆಯ ಮೇಲಿಡತಕ್ಕದ್ದು.

ಶಿಕ್ಷೆ ಇರುವುದು ನೋಡುವುದರಲ್ಲಿ. ತಾನು ಅಪಮಾನವೆಂದು ತಳ್ಳಿದುದನ್ನು ಇನ್ನೊಬ್ಬನು ಭಾಗ್ಯವೆಂದು ತಲೆಯಲ್ಲಿ ಹೊರುವುದನ್ನು ಆ ಮೂರ್ಖನು ಸುಮ್ಮನೆ ನಿಂತು ಕಾಣಬೇಕು. ಕುಲ, ಶಿಖೆ, ಶೌಚ ಇವುಗಳ ಅಧಿಕಾರವೆಲ್ಲ ಆ ಬೀದಿಯಲ್ಲಿ ತಲೆಕೆಳಗಾಗುವುದು.

ಇದನ್ನು ಗಣಿಕೆಯ ಜಯವೆಂದು ಹೊಗಳುವವರು ಒಂದನ್ನು ಮರೆಯಬಾರದು. ಆಕೆಯ ಪಾದದ ಬೆಲೆಯನ್ನು ನಿರ್ಣಯಿಸಿದವರು ಗಂಡಸರು. ಸಭೆಯೂ ಅವರದೇ, ತೀರ್ಪೂ ಅವರದೇ. ಪಾದಕ್ಕೆ ಸಂದ ಗೌರವವು ರಸಿಕರ ಗೋಷ್ಠಿಯಿಂದಾಚೆ ಎಷ್ಟು ದೂರ ನಡೆಯುತ್ತಿತ್ತೆಂಬುದನ್ನು ಶ್ಯಾಮಿಲಕನು ವಿಚಾರಿಸುವುದಿಲ್ಲ. ರಂಗದ ಮೇಲೆ ಮದನಸೇನಿಕೆಯನ್ನು ಪ್ರೇಕ್ಷಕರು ಒಮ್ಮೆಯೂ ಕಾಣರು. ಬೀದಿಯ ಹೆಂಗಸರ ಕೋಪ, ಕೊಂಕು, ನಗೆ, ಇವೆಲ್ಲವೂ ‘ಏನೆನ್ನುವೆ?’ ಎಂದು ಕೇಳಿದ ಆ ಒಬ್ಬ ಗಂಡಸಿನ ಬಾಯಿಂದಲೇ ಹೊರಡುವುವು.