ಅಜ್ಜನ ಟ್ರಾಮು ಮತ್ತು ಅದಕ್ಕೂ ಹಿಂದಿನ ಕುದುರೆಗಳು

ನನ್ನ ಅಜ್ಜ ಕುಂದಾಪುರದ ಕಡೆಯಿಂದ ಮುಂಬಯಿಗೆ ಹೋಗಿ, ಫೋರ್ಟಿನ ಹೋಟೆಲೊಂದರಲ್ಲಿ ಮೂವತ್ತು ವರ್ಷ ದುಡಿದವರು. ಊರಿಗೆ ಬಂದಾಗಲೆಲ್ಲ ಟ್ರಾಮಿನದೇ ಮಾತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಹೊರಟಾಗ ಅವರೂ ಆ ಗುಂಪಿನಲ್ಲಿ ನಿಂತಿದ್ದರಂತೆ. "ಎಂಥ ಚಂದದ ಗಾಡಿ ಮಾರಾಯ, ಬಸ್ಸು ಬಂದು ಅದನ್ನು ನುಂಗಿತು" ಅನ್ನುತ್ತಿದ್ದರು.

ಮೊನ್ನೆ ಮುಂಬಯಿಯ ಹಳೆಯ ಫೋಟೋಗಳನ್ನು ನೋಡುತ್ತ ಕೂತಿದ್ದೆ. ಒಂದರಲ್ಲಿ ಕುದುರೆ ಟ್ರಾಮು. ಕಂಬಿಯ ಮೇಲೆ ತೆರೆದ ಗಾಡಿ, ತುಂಬ ಪೇಟದವರು, ಟೊಪ್ಪಿಯವರು. ಎದುರಿಗೇ ತಲೆಹೊರೆ ಹೊತ್ತವನೊಬ್ಬ ರಸ್ತೆ ನಡುವೆ ನಿಧಾನಕ್ಕೆ ನಡೆಯುತ್ತಿದ್ದಾನೆ. ಆಹಾ, ಎಷ್ಟು ನೆಮ್ಮದಿಯ ಕಾಲ ಅನ್ನಿಸಿತು.

ಆಮೇಲೆ ಕಣ್ಣು ಕುದುರೆಗಳ ಮೇಲೆ ಬಿತ್ತು. ತಲೆ ತಗ್ಗಿಸಿ ಎಳೆಯುತ್ತಿವೆ. ಮುಂಬಯಿಯಲ್ಲಿ ಈ ಟ್ರಾಮು ಶುರುವಾದದ್ದು 1874ರ ಮೇ 9ರಂದು, ಕೊಲಾಬಾದಿಂದ ಪಾಯಧೋನಿಗೆ. ಕೊನೆಗಾಲಕ್ಕೆ ಕಂಪನಿಯ ಲಾಯಗಳಲ್ಲಿ 1,360 ಕುದುರೆಗಳಿದ್ದವಂತೆ! ಮುಂಬಯಿಯ ಮೇ ತಿಂಗಳ ಸೆಕೆಯಲ್ಲಿ ಜನ ತುಂಬಿದ ಗಾಡಿ ಎಳೆಯುವುದೆಂದರೆ ಯೋಚಿಸಿ. ಫೋಟೋದಲ್ಲಿ ಬೆವರು ಕಾಣುವುದಿಲ್ಲ, ಲದ್ದಿಯ ವಾಸನೆಯೂ ಬರುವುದಿಲ್ಲ.

ಇನ್ನೊಂದು ಫೋಟೋ 1907ರ ನಂತರದ್ದು. ಆ ವರ್ಷ ಮೇ 7ರಂದು ವಿದ್ಯುತ್ ಟ್ರಾಮು ಬಂತು. ರಸ್ತೆಯ ಮೇಲೆ ತಂತಿ, ಟ್ರಾಮಿನ ಮುಂದೆ ಬರೀ ಕಂಬಿ. ಕುದುರೆಗಳೂ ಇಲ್ಲ, ಅವುಗಳಿಗೆ ಹುಲ್ಲು ಹಾಕಿ ಮೈ ತಿಕ್ಕುತ್ತಿದ್ದ ಲಾಯದವರೂ ಇಲ್ಲ. ಅಜ್ಜನ ಪ್ರೀತಿಯ ಟ್ರಾಮು ಅವರ ಅನ್ನ ಕಿತ್ತುಕೊಂಡೇ ಬಂದದ್ದು. 1926ರ ಜುಲೈ 15ರಂದು ಇಳಿದ ಮೊದಲ ಬಸ್ಸು ಮುಂದೆ ಅಜ್ಜನ ಟ್ರಾಮಿನ ಜಾಗ ಹಿಡಿಯಿತು.

2023ರ ಸೆಪ್ಟೆಂಬರ್ 15ರಂದು ಹಳೆಯ ಡೀಸೆಲ್ ಡಬಲ್ ಡೆಕ್ಕರ್ ಬಸ್ಸುಗಳು ನಿಂತಾಗ ನಾನೂ ಅಜ್ಜನ ಹಾಗೇ ಮರುಗಿದ್ದೆ. ಎಂಥ ಚಂದದ ಗಾಡಿ ಅಂತ!

ಮರುಗುವುದು ತಪ್ಪಲ್ಲ ಬಿಡಿ. ಆದರೆ ನಾವು ಹಂಬಲಿಸುವ ಪ್ರತಿ ಹಳೆಯ ಗಾಡಿಯೂ ಒಂದು ಕಾಲದಲ್ಲಿ ಹೊಸದಾಗಿ ಬಂದು ಯಾರನ್ನೋ ಬದಿಗೆ ಸರಿಸಿದ್ದೇ. ನಿಮ್ಮ ಮನೆಯ ಹಳೆಯ ಆಲ್ಬಮ್ಮಿನಲ್ಲಿ ಬೀದಿಯ ಫೋಟೋ ಇದ್ದರೆ ತೆಗೆದು ನೋಡಿ. ಗಾಡಿಯನ್ನಷ್ಟೇ ಅಲ್ಲ, ಅದನ್ನು ಎಳೆಯುತ್ತಿರುವವರು ಯಾರು ಅಂತಲೂ.