ಡೈನೋಸಾರ್ ಊಟ, ಭಾಗ 3: ಹುಲ್ಲಿನ ವಿಷಯದಲ್ಲಿ ನಾನು ತಪ್ಪಿದ್ದೆ

ಹೋದ ಪೋಸ್ಟ್‌ನಲ್ಲಿ "ಡೈನೋಸಾರ್ ಕಾಲದಲ್ಲಿ ಹುಲ್ಲೇ ಇರಲಿಲ್ಲ" ಅಂತ ಬರೆದುಬಿಟ್ಟೆ, ನೀವೂ ಲೈಕ್ ಒತ್ತಿಬಿಟ್ರಿ. ತಪ್ಪು ಅದು. ಹಳೇ ಪುಸ್ತಕಗಳಲ್ಲಿ ಹಾಗೇ ಇತ್ತು ನಿಜ. ಆದ್ರೆ ಅದನ್ನ ಸುಳ್ಳು ಮಾಡಿದ ಸಾಕ್ಷಿ ಸಿಕ್ಕಿದ್ದು ಪಕ್ಕದ ಮಹಾರಾಷ್ಟ್ರದಲ್ಲೇ. ಅದೂ ಸಗಣಿಯಲ್ಲಿ!

ನಮ್ಮ ನಾಯಂಡಹಳ್ಳೀಲಿ ಎಷ್ಟು ಅಗೆದ್ರೂ ಇಂಥದ್ದು ಸಿಗಲ್ಲ ಬಿಡಿ. ಲಾಲ್‌ಬಾಗ್ ಬಂಡೆ ನೋಡಿದೀರಲ್ಲ, ಅದಕ್ಕೆ ಸುಮಾರು 300 ಕೋಟಿ ವರ್ಷ. ಬೆಂಗಳೂರು ಕೂತಿರೋದು ಅಂಥ ಕಲ್ಲಿನ ಮೇಲೆ. ಡೈನೋಸಾರ್‌ಗಳು ಅಳಿದಿದ್ದು 6.6 ಕೋಟಿ ವರ್ಷದ ಹಿಂದೆ ಅಷ್ಟೇ. ಅವುಗಳ ಗುರುತು ಬೇಕಂದ್ರೆ ಆ ಕಾಲದ ಕೆಸರು ಕಲ್ಲಾಗಿರೋ ಜಾಗಕ್ಕೆ ಹೋಗಬೇಕು. ಬೀದರ್, ಕಲಬುರ್ಗಿ ಕಡೆ ಕಾಣೋ ಕಪ್ಪು ಲಾವಾ ಕಲ್ಲು ಮಧ್ಯ ಭಾರತದವರೆಗೂ ಹಬ್ಬಿದೆ. ಅಲ್ಲಿ ಅದರ ಕೆಳಗಿರೋ ಪದರಕ್ಕೆ ಲಮೇಟಾ ಅಂತ ಹೆಸರು. ಚಂದ್ರಪುರ ಜಿಲ್ಲೆಯ ಪಿಸ್ದೂರಾದಲ್ಲಿ ಆ ಪದರದಿಂದ ಕಲ್ಲಾದ ಸಗಣಿ ಉಂಡೆಗಳು ಸಿಕ್ಕಿವೆ. ಉದ್ದ ಕತ್ತಿನ ಟೈಟನೋಸಾರ್ ಮೂಳೆಗಳೂ ಅಲ್ಲೇ ಸಿಕ್ಕಿರೋದ್ರಿಂದ ಸಗಣಿಯೂ ಅವುಗಳದ್ದೇ ಇರಬೇಕು ಅಂತ ಲೆಕ್ಕ.

ಹಲ್ಲು ನೋಡಿದ್ರೆ ಮಾಂಸಾನಾ, ಸೊಪ್ಪಾ ಅಂತ ಹೇಳಬಹುದು. ಬಿಕಾಂ ಭಾಷೇಲಿ ಅದು ಬರೀ ಎಂಟ್ರಿ. ವೋಚರ್ ಅಂದ್ರೆ ಸಗಣಿ!

ಗಿಡಗಳು ಮಣ್ಣಿಂದ ಸಿಲಿಕಾ ಹೀರಿ ಎಲೆಯೊಳಗೆ ಗಾಜಿನಂಥ ಸೂಕ್ಷ್ಮ ಕಣ ಮಾಡ್ಕೊಳ್ತವೆ. ಅದೇ ಫೈಟೋಲಿತ್. ಎಲೆ ಕೊಳೆತರೂ ಅದು ಉಳಿಯುತ್ತೆ, ಆಕಾರ ನೋಡಿ ಯಾವ ಗುಂಪಿನ ಗಿಡ ಅಂತ ಹೇಳಬಹುದು. ವಂದನಾ ಪ್ರಸಾದ್, ಅಶೋಕ್ ಸಾಹ್ನಿ ಮತ್ತು ಜೊತೆಗಾರರು 2005ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬರೆದರು: ಆ ಉಂಡೆಗಳಲ್ಲಿ ಕನಿಷ್ಠ ಐದು ಬಗೆಯ ಹುಲ್ಲಿದೆ. ಹೆಚ್ಚಿನ ಊಟ ಬೇರೆ ಗಿಡಮರಗಳದ್ದೇ, ಹುಲ್ಲು ಸ್ವಲ್ಪ. ಆದ್ರೂ ಹುಲ್ಲಿನ ಇತಿಹಾಸವೇ ಹಿಂದಕ್ಕೆ ಹೋಯ್ತು. ಭತ್ತ, ರಾಗಿ, ಜೋಳ, ಕಬ್ಬು ಎಲ್ಲಾ ಹುಲ್ಲಿನ ಕುಟುಂಬವೇ ನೋಡಿ. ಭತ್ತದ ಹತ್ತಿರದ ನೆಂಟರ ಗುರುತೂ ಇದೇ ಸಗಣಿಯಲ್ಲಿ ಸಿಕ್ಕಿದೆ ಅಂತ 2011ರಲ್ಲಿ ಬರೆದರು.

"ಹಸು ಥರ ಮೆಲುಕು ಹಾಕ್ತಿತ್ತಾ?" ಅಂತ ಕೇಳಬೇಡಿ. ಕಡ್ಡಿಯಂಥ ಹಲ್ಲಲ್ಲಿ ಸೊಪ್ಪು ಕಿತ್ತು ಹಾಗೇ ನುಂಗೋದು, ಉಳಿದ ಕೆಲಸ ಹೊಟ್ಟೆಗೆ. ಕೋಳಿಗೂ ಅಗಿಯೋಕೆ ಹಲ್ಲಿಲ್ಲ. ಅಂಗಡೀಲಿ ಲಿವರ್ ಜೊತೆ ಕೊಡ್ತಾರಲ್ಲ ಗಿಜರ್ಡ್, ಅದರಲ್ಲಿ ನುಂಗಿದ ಸಣ್ಣ ಕಲ್ಲುಗಳೇ ಕಾಳು ಅರೆಯೋದು. ಚೀನಾದಲ್ಲಿ ಸಿಕ್ಕ ಪುಕ್ಕದ ಡೈನೋಸಾರ್ ಕಾಡಿಪ್ಟೆರಿಕ್ಸ್ ಹೊಟ್ಟೆಯಲ್ಲೂ ಅಂಥ ಕಲ್ಲುಗಳಿವೆ. ಹಕ್ಕಿಗಳು ಡೈನೋಸಾರ್ ವಂಶದ ಒಂದು ಕವಲು. ಹಾಗಾಗಿ ಇವತ್ತು ಬದುಕಿರೋರಲ್ಲಿ ಮೊಸಳೆಗೆ ಹತ್ತಿರದ ನೆಂಟರು ಹಲ್ಲಿ, ಹಾವು ಅಲ್ಲ, ಹಕ್ಕಿಗಳು.

ದೂರದ ನೆಂಟ ಹಾವು ಮಾತ್ರ ಡೈನೋಸಾರ್‌ನೇ ತಿಂತಿತ್ತು. ಗುಜರಾತಿನ ಧೋಲಿ ಡುಂಗ್ರಿಯಲ್ಲಿ ಧನಂಜಯ ಮೋಹಬೆ 1980ರ ದಶಕದಲ್ಲಿ ಒಂದು ಗೂಡು ಪತ್ತೆ ಮಾಡಿದ್ರು. ಮೊಟ್ಟೆ, ಮರಿಯ ಮೂಳೆ ಅಂತ ವರ್ಷಗಟ್ಟಲೆ ಅಂದ್ಕೊಂಡಿದ್ರು. 2001ರಲ್ಲಿ ಜೆಫ್ರಿ ವಿಲ್ಸನ್ ಅದೇ ಕಲ್ಲಲ್ಲಿ ಹಾವಿನ ಬೆನ್ನುಮೂಳೆ ಗುರುತಿಸಿದ್ರು. 2010ರಲ್ಲಿ ಅದಕ್ಕೆ ಸನಾಜೆ ಇಂಡಿಕಸ್ ಅಂತ ಹೆಸರಾಯ್ತು. ಮೂರೂವರೆ ಮೀಟರ್ ಹಾವು, ಒಡೆದ ಮೊಟ್ಟೆ ಸುತ್ತ ಸುರುಳಿ ಸುತ್ತಿದೆ, ಪಕ್ಕದಲ್ಲೇ ಸುಮಾರು ಅರ್ಧ ಮೀಟರ್ ಉದ್ದದ ಮರಿ. ನುಂಗೋ ಮೊದಲೇ ಮೂರನ್ನೂ ಮಣ್ಣು ಮುಚ್ಚಿಬಿಡ್ತು.