ತಕ್ಕಡಿ ಯಾರ ಕೈಯಾಗ?

ನಾವು ತೊರವಿಯವರು. ಕಲ್ಲಿನ ಊರು ನಮ್ಮದು. 1599ರಲ್ಲಿ ಎರಡನೇ ಇಬ್ರಾಹಿಂ ಆದಿಲ್‌ಶಾಹ ಇಲ್ಲಿ ನವರಸಪುರ ಕಟ್ಟಿಸಲು ಶುರು ಮಾಡಿದ. 1624ರಲ್ಲಿ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಕಟ್ಟಿಸಿದವನ ಹೆಸರು ಉಳಿದಿದೆ, ಕೆಡವಿಸಿದವನ ಹೆಸರೂ ಉಳಿದಿದೆ. ಕಲ್ಲು ಒಡೆದವರ, ಹೊತ್ತವರ ಹೆಸರು ಎಲ್ಲಿ ಅದಾವ? ಮನೆತನದಲ್ಲಿ ಮೊದಲು ಕಾಲೇಜಿನ ಮೆಟ್ಟಿಲು ಹತ್ತಿದ ನಾವು ಇತಿಹಾಸಕ್ಕೆ ಕೇಳುವ ಪ್ರಶ್ನೆ ಇದೊಂದೇ. ಕುದುರೆಮುಖಕ್ಕೂ ಅದನ್ನೇ ಕೇಳುತ್ತೇವೆ.

1969ರಲ್ಲಿ ಅಲ್ಲಿಯ ಕಬ್ಬಿಣದ ಅದಿರಿಗೆ ಮೂವತ್ತು ವರ್ಷದ ಗುತ್ತಿಗೆಯಾಯಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದದ್ದು 1972ರಲ್ಲಿ, ಅರಣ್ಯ ಸಂರಕ್ಷಣಾ ಕಾಯ್ದೆ 1980ರಲ್ಲಿ. ಸಿಂಗಳೀಕವನ್ನು, ಭದ್ರೆಯ ನೀರನ್ನು ತೂಗುವ ಮೊದಲೇ ಗುಡ್ಡ ಕೊಟ್ಟಾಗಿತ್ತು. ಮಾರೂದು ಮೊದಲ, ತೂಗೂದು ಆಮ್ಯಾಲ ಅಂದಂಗ ಆತು. 1976ರಲ್ಲಿ ಸರಕಾರಿ ಕಂಪನಿ ಹುಟ್ಟಿತು. ಇರಾನಿನ ಷಾನ ದುಡ್ಡು ನಂಬಿ ಕಟ್ಟಿದ ಗಣಿ ಅದು. 1979ರಲ್ಲಿ ಷಾ ಉರುಳಿದ, ಕೊಳ್ಳುವವರು ಕೈಯೆತ್ತಿದರು, ಅಗೆತ ಮಾತ್ರ ನಿಲ್ಲಲಿಲ್ಲ. ಅದಿರು ಕೊಳವೆಯಲ್ಲಿ ಮಂಗಳೂರಿಗೆ ಹರಿಯಿತು, ರಾಡಿ ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿತು.

1987ರಲ್ಲಿ ಆ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಣೆಯಾಯಿತು. 1999ರಲ್ಲಿ ಗುತ್ತಿಗೆ ಮುಗಿದರೂ ತಾತ್ಕಾಲಿಕ ಪರವಾನಗಿಯಲ್ಲಿ ಗಣಿ ನಡೆಯಿತು. 2002ರ ಅಕ್ಟೋಬರ್ 30ರಂದು ಸುಪ್ರೀಂ ಕೋರ್ಟು, 2005ರ ಕೊನೆಗೆ ನಿಲ್ಲಿಸಿ ಎಂದಿತು. ನಿಂತಿತು. ಸಿಂಗಳೀಕ ಗೆದ್ದದ್ದು ನಮಗೆ ಸಂತೋಷವೇ. ಅದಕ್ಕೂ ಪಹಣಿಯಿಲ್ಲ, ನಮ್ಮಲ್ಲಿ ಬಹಳ ಮಂದಿಗೆ ಇಲ್ಲದ ಹಾಗೆ.

ಆದರೆ ಅದೇ ಕಾಡಿನ ಮಲೆಕುಡಿಯರನ್ನು ಯಾರು ತೂಗಿದರು? ಕಂಪನಿಗೆ ಮೂವತ್ತು ವರ್ಷದ ಕಾಗದ ಬರೆದುಕೊಟ್ಟ ಸರಕಾರ, ತಲೆಮಾರುಗಳಿಂದ ಬಾಳಿದವರ ಮುಂದೆ ಎದ್ದುಹೋಗುವ ಮಾತಾಡಿತು. ಗಣಿ ನಿಂತ ದಿನ ದಿನಗೂಲಿಯವನ ಒಲೆ ಹೊತ್ತಿತೇ ಎಂದು ಯಾರು ಕೇಳಿದರು? ಒಂದು ತಟ್ಟೆಯಲ್ಲಿ ಅದಿರು, ಇನ್ನೊಂದರಲ್ಲಿ ಮೃಗ. ಮನುಷ್ಯನಿಗೆ ತಟ್ಟೆಯೇ ಇಲ್ಲ.

ತಕ್ಕಡಿ ಬೇರೆ ಕೈಗೆ ಹೋದದ್ದೂ ಉಂಟು. 2006ರ ಅರಣ್ಯ ಹಕ್ಕು ಕಾಯ್ದೆಯ ಆಧಾರದ ಮೇಲೆ 2013ರಲ್ಲಿ ಸುಪ್ರೀಂ ಕೋರ್ಟು ಒಡಿಶಾದ ನಿಯಮಗಿರಿಯ ಪ್ರಶ್ನೆಯನ್ನು ಗ್ರಾಮಸಭೆಗಳ ಮುಂದಿಟ್ಟಿತು. ಹನ್ನೆರಡಕ್ಕೆ ಹನ್ನೆರಡೂ ಬಾಕ್ಸೈಟ್ ಗಣಿ ಬೇಡವೆಂದವು. ಅಲ್ಲಿ ಗುಡ್ಡ ಉಳಿಸಲು ಮಂದಿಯನ್ನು ಎಬ್ಬಿಸಬೇಕಾಗಲಿಲ್ಲ. ಮಂದಿಯೇ ಗುಡ್ಡ ಉಳಿಸಿದರು.

ನಮಗೆ ಹತ್ತಿರದ್ದು ಗದಗಿನ ಕಪ್ಪತಗುಡ್ಡ. 2019ರಲ್ಲಿ ಅದು ವನ್ಯಜೀವಿಧಾಮವಾಯಿತು. ಗಣಿಯ ಕಣ್ಣು ಅದರ ಮೇಲೂ ಬಿದ್ದದ್ದೇ. ಅರ್ಜಿ ಬಂದಾಗ ಅಲ್ಲಿಯ ತೋಳವನ್ನು ತೂಗಿರಿ, ಬೇಡವೆನ್ನುವುದಿಲ್ಲ. ಕುರಿ ಕಾಯುವವನನ್ನೂ ಕರೆದು ಕೇಳಿರಿ. ಆತ ಬರುವ ತನಕ ತಕ್ಕಡಿ ಎತ್ತಬ್ಯಾಡ್ರಿ.